ದಡ್ಡಿ ಅಂದ್ರೆ ಎಷ್ಟು ಅಕ್ಷರ? ಕನ್ನಡ ವೆಬ್‌ಪೇಜ್ ಮಾಡೋರಿಗೆ ನಾಲ್ಕು ಉಪಾಯ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ ದಡ್ಡಿ ಅಂತ ಒಂದು ಊರಿದೆ. ಕಾಗದದ ಮೇಲೆ ಎರಡೇ ಅಕ್ಷರ. ಕಂಪ್ಯೂಟರಿಗೆ ಕೇಳಿದರೆ ಒಮ್ಮೆ 5 ಅನ್ನುತ್ತೆ, ಒಮ್ಮೆ 15, ಇನ್ನೊಮ್ಮೆ 45. ಮೂರೂ ಸರಿ! ನಾವು ಕಲಿಯೋ ಕೋಡಿಂಗ್ ಉದಾಹರಣೆಗಳೆಲ್ಲ ಇಂಗ್ಲಿಷಿನಲ್ಲಿ ಇರೋದ್ರಿಂದ ಈ ವಿಷಯ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಆದರೆ ಸ್ಕಾಲರ್‌ಶಿಪ್ ಫಾರ್ಮಿನಲ್ಲಿ ತನ್ನ ಊರು ಹುಡುಕೋ ಹುಡುಗಿಗೆ 'ಸಿಗಲಿಲ್ಲ' ಅಂತ ಬಂದರೆ, ತಮ್ಮೂರು ಪಟ್ಟಿಯಲ್ಲೇ ಇಲ್ಲ ಅಂದುಕೊಂಡು ಪೇಜ್ ಮುಚ್ಚುತ್ತಾಳೆ. ತಪ್ಪು ನಮ್ಮಂಥವರು ಬರೆದ ಕೋಡಿನದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಕಮಾಂಡುಗಳನ್ನ ಲ್ಯಾಬಿನಲ್ಲಿ ಬಾಯಲ್ಲಿ ಹೇಳೋ ಹಾಗೇ ಇಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಿ.

1. ಮೊದಲು ಎಣಿಸಿ

ಎಕೋ ಮೈನಸ್ ಎನ್ ಕೊಟ್ಟು ದಡ್ಡಿ ಅಂತ ಬರೆಯಿರಿ. ಪೈಪ್ ಹಾಕಿ ಡಬ್ಲ್ಯೂಸಿ ಮೈನಸ್ ಎಂ ಕೊಡಿ. ಉತ್ತರ 5. ಯೂನಿಕೋಡ್ ಲೆಕ್ಕದಲ್ಲಿ ದ, ಡ, ಹಲಂತ, ಮತ್ತೊಂದು ಡ, ಗುಡಿಸು ಎಲ್ಲ ಬೇರೆ ಬೇರೆ. ಎಂ ಬದಲು ಸಿ ಕೊಟ್ಟರೆ 15, ಯಾಕಂದ್ರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. (ಮೈನಸ್ ಎನ್ ಮರೆತರೆ ಕೊನೆಯ ಹೊಸ ಸಾಲೂ ಸೇರಿ ಒಂದು ಹೆಚ್ಚಾಗುತ್ತೆ.) ಯುಆರ್‌ಎಲ್‌ನಲ್ಲಿ ಪ್ರತಿ ಬೈಟೂ ಪರ್ಸೆಂಟ್ ಚಿಹ್ನೆ ಜೊತೆ ಎರಡು ಅಂಕಿ-ಅಕ್ಷರ ಆಗುತ್ತೆ, ಹಾಗಾಗಿ 45. ಕನ್ನಡ ವಿಕಿಪೀಡಿಯದ ಲಿಂಕ್ ವಾಟ್ಸಾಪಿಗೆ ಹಾಕಿದಾಗ ಉದ್ದ ಬಾಲ ಬೆಳೆಯೋದು ಇದಕ್ಕೇ.

2. ಎಣಿಸಿ ಕತ್ತರಿಸಬೇಡಿ

ಜಾವಾಸ್ಕ್ರಿಪ್ಟ್‌ನಲ್ಲಿ ದಡ್ಡಿಗೆ ಸ್ಲೈಸ್ 0, 3 ಕೊಟ್ಟರೆ 'ದಡ್' ಉಳಿಯುತ್ತೆ. ಹುಕ್ಕೇರಿಗೆ 0, 4 ಕೊಟ್ಟರೆ 'ಹುಕ್'. ಹೆಸರು ಕಾರ್ಡಿನಲ್ಲಿ ಹಿಡಿಸದಿದ್ದರೆ ಕತ್ತರಿಸೋ ಕೆಲಸ ಸಿಎಸ್‌ಎಸ್‌ಗೆ ಬಿಡಿ: ಓವರ್‌ಫ್ಲೋ ಹಿಡನ್, ವೈಟ್‌ಸ್ಪೇಸ್ ನೋರ್ಯಾಪ್, ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್. ಡೇಟಾ ಪೂರ್ತಿ ಉಳಿಯುತ್ತೆ, ತೋರಿಸೋದು ಮಾತ್ರ ಕಡಿಮೆ ಆಗುತ್ತೆ.

3. ಎರಡು ಗೋಕಾಕ, ಒಂದೇ ಊರು

ಇದು ಎಲ್ಲಕ್ಕಿಂತ ಮುಖ್ಯ. ಗೋಕಾಕ ಅನ್ನೋದನ್ನ ಯೂನಿಕೋಡಿನಲ್ಲಿ 5 ಸಂಕೇತದಲ್ಲೂ ಬರೆಯಬಹುದು, 7 ಸಂಕೇತದಲ್ಲೂ ಬರೆಯಬಹುದು. ಓತ್ವದ ದೀರ್ಘಕ್ಕೆ ಒಂದೇ ಸಂಕೇತ ಇದೆ. ಅದನ್ನೇ ಮೂರು ತುಂಡು ಮಾಡಿಯೂ ಇಡಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಮೂರು ಈಕ್ವಲ್ ಹಾಕಿ ಹೋಲಿಸಿದರೆ ಫಾಲ್ಸ್! ಗ್ರೆಪ್‌ಗೂ ಸಿಗಲ್ಲ. ಹಳೆಯ ಮ್ಯಾಕ್‌ಗಳ ಫೈಲ್ ಸಿಸ್ಟಮ್ ಹೆಸರುಗಳನ್ನ ಹೀಗೆ ತುಂಡು ಮಾಡಿಯೇ ಇಡುತ್ತಿತ್ತು, ಅಲ್ಲಿಂದ ಬಂದ ಪಟ್ಟಿಯಲ್ಲಿ ಇಂಥವು ಸಿಗಬಹುದು. ಹುಕ್ಕೇರಿಯ ಏತ್ವಕ್ಕೂ ಇದೇ ಕಥೆ.

ಪರಿಹಾರ ಒಂದೇ ಸಾಲು. ಡೇಟಾಬೇಸಿಗೆ ಹಾಕುವಾಗ ಮತ್ತು ಹುಡುಕುವಾಗ, ಎರಡೂ ಕಡೆ ಡಾಟ್ ನಾರ್ಮಲೈಸ್ ಕೊಟ್ಟು ಒಳಗೆ ಎನ್‌ಎಫ್‌ಸಿ ಅಂತ ಬರೆಯಿರಿ. ಇಡೀ ಫೈಲ್ ಸರಿಮಾಡಬೇಕಿದ್ದರೆ ಐಸಿಯು ಜೊತೆ ಬರೋ ಯುಕಾನ್ವ್ ಕಮಾಂಡಿಗೆ ಮೈನಸ್ ಎಕ್ಸ್ ಎನಿ-ಎನ್‌ಎಫ್‌ಸಿ ಕೊಡಿ.

4. ಕಾಣದ ಅಕ್ಷರ ಹಿಡಿಯಿರಿ

'ರಾಜ್‌ಕುಮಾರ್' ಅಂತ ಸರಿಯಾಗಿ ಬರೆಯೋಕೆ ಜ್ ಮತ್ತು ಕು ನಡುವೆ ಒಂದು ಕಾಣದ ಸಂಕೇತ ಬೇಕು. ಇಲ್ಲದಿದ್ದರೆ ಅದು 'ರಾಜ್ಕುಮಾರ್' ಆಗಿ ಒತ್ತಕ್ಷರ ಬರುತ್ತೆ. ಇದರ ಹೆಸರು ಜಡ್‌ಡಬ್ಲ್ಯೂಎನ್‌ಜೆ. ಕಾಪಿ-ಪೇಸ್ಟ್ ಮಾಡುವಾಗ ಇದು ಬೇಡದ ಕಡೆಯೂ ನುಸುಳುತ್ತೆ. ಎನ್‌ಎಫ್‌ಸಿ ಇದನ್ನ ತೆಗೆಯಲ್ಲ. ಅನುಮಾನ ಬಂದರೆ ಫೈಲನ್ನ ಎಕ್ಸ್‌ಎಕ್ಸ್‌ಡಿಗೆ ಕೊಟ್ಟು ನೋಡಿ: ಕನ್ನಡದ ಬೈಟುಗಳು ಇ0 ಬಿ2 ಅಥವಾ ಇ0 ಬಿ3ಯಿಂದ ಶುರುವಾಗುತ್ತವೆ, ನಡುವೆ ಇ2 80 8ಸಿ ಕಂಡರೆ ಕಳ್ಳ ಸಿಕ್ಕ ಹಾಗೆ. ಆದರೆ ಮೂಲ ಹೆಸರಿನಿಂದ ಇದನ್ನ ಅಳಿಸಬೇಡಿ, ಜನರ ಹೆಸರೇ ಕೆಟ್ಟುಹೋಗುತ್ತೆ. ಹುಡುಕೋಕೆ ಅಂತ ಇನ್ನೊಂದು ಕಾಲಮ್ ಇಟ್ಟು, ಅಲ್ಲಿ ಮಾತ್ರ ತೆಗೆಯಿರಿ. ಹುಡುಕೋರು ಟೈಪ್ ಮಾಡಿದ್ದಕ್ಕೂ ಅದನ್ನೇ ಮಾಡಿ.

ಮುಂದಿನ ಮಿನಿ ಪ್ರಾಜೆಕ್ಟಿನಲ್ಲಿ ಟೆಸ್ಟ್ ಡೇಟಾ ಅಂತ 'ಎಬಿಸಿ' ಹಾಕೋ ಬದಲು ದಡ್ಡಿ, ಗೋಕಾಕ, ಮೂಡಲಗಿ, ಹುಕ್ಕೇರಿ ಹಾಕಿ ನೋಡಿ. ಗೋಕಾಕವನ್ನ ಎರಡೂ ಥರ ಹಾಕೋದು ಮರೀಬೇಡಿ. ಈ ಊರುಗಳು ಸಿಕ್ಕರೆ ನಿಮ್ಮ ಸರ್ಚ್ ಅರ್ಧ ಪಾಸ್. ಉಳಿದರ್ಧಕ್ಕೆ ನಿಮ್ಮೂರಿನ ಹೆಸರು ಹಾಕಿ.