ಗಾಜಿನ ಮೇಲಿನ ಹೆಸರು: ಹಳೆಯ ಆಂಪ್ಲಿಫೈಯರಿನ ವಾಲ್ವು ಗುರುತಿಸಿ ಬದಲಿಸುವುದು



ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಹಳೆಯ ವಾಲ್ವಿನ ಆಂಪ್ಲಿಫೈಯರ್ ಒಂದು ಧೂಳು ಹಿಡಿದು ಕೂತಿರಬಹುದು. ಮನೆಯ ಹಿರಿಯರು ಅದರಲ್ಲಿ ಗ್ರಾಮಾಫೋನ್ ತಟ್ಟೆ ಕೇಳಿದ್ದಾರು. ಈಗ ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ಹಾಡು ಬರುವುದಿಲ್ಲ. ಗುಜರಿಗೆ ಹಾಕುವ ಮೊದಲು, ಇಲ್ಲವೇ ಎಲ್ಲ ವಾಲ್ವುಗಳಿಗೂ ಒಟ್ಟಿಗೆ ಹಣ ಸುರಿಯುವ ಮೊದಲು, ಗಾಜಿನ ಮೇಲೆ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಮೊದಲು ವಾಲ್ವಿನ ಕೆಲಸ ತಿಳಿಯೋಣ. ಕೆರೆಯ ತೂಬನ್ನು ನೆನೆದುಕೊಳ್ಳಿ. ತೂಬನ್ನು ಸ್ವಲ್ಪ ಎತ್ತಿದರೂ ಕಾಲುವೆಗೆ ಬಹಳ ನೀರು ಹರಿಯುತ್ತದೆ. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಹೊರಗಿನ ತಗಡಿನ ಕಡೆಗೆ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ ತೂಬಿನಂತೆ ನಿಂತಿರುತ್ತದೆ. ಗ್ರಿಡ್ಡಿಗೆ ಬಂದ ಸಣ್ಣ ದನಿ ತಗಡಿನ ಕಡೆ ದೊಡ್ಡದಾಗಿ ಹೊರಬೀಳುತ್ತದೆ.

ಇನ್ನು ಹೆಸರು. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿ 1950ರ ದಶಕದಲ್ಲಿ, ತಾವೇ ಆಂಪ್ಲಿಫೈಯರ್ ಕಟ್ಟಿಕೊಳ್ಳುವವರಿಗಾಗಿ ‘ಐದು-ಹತ್ತು’ ಎಂಬ ನಕ್ಷೆಯನ್ನು ಪ್ರಕಟಿಸಿತು. ಐದು ವಾಲ್ವು, ಹತ್ತು ವ್ಯಾಟ್. ಅದರಲ್ಲಿ ಒಂದು ಇಎಫ್ 86, ಒಂದು ಇಸಿಸಿ 83, ಎರಡು ಇಎಲ್ 84, ಒಂದು ಇಝಡ್ 80 ಇಲ್ಲವೇ 81. ಮೊದಲ ಅಕ್ಷರ ‘ಇ’ ಎಂದರೆ ಒಳಗಿನ ಹೀಟರಿಗೆ 6.3 ವೋಲ್ಟ್ ಬೇಕು. ‘ಜಿ’ ಇದ್ದರೆ 5 ವೋಲ್ಟ್. ಮುಂದಿನ ಅಕ್ಷರ ಕೆಲಸವನ್ನು ಹೇಳುತ್ತದೆ. ‘ಎಫ್’ ಸಣ್ಣ ದನಿಯನ್ನು ಹಿಗ್ಗಿಸುವ ಪೆಂಟೋಡ್. ‘ಸಿ’ ಟ್ರಯೋಡ್, ‘ಸಿಸಿ’ ಎಂದರೆ ಒಂದೇ ಗಾಜಿನಲ್ಲಿ ಎರಡು ಟ್ರಯೋಡ್. ‘ಎಲ್’ ಸ್ಪೀಕರನ್ನು ದುಡಿಸುವ ಶಕ್ತಿಯ ವಾಲ್ವು. ‘ಝಡ್’ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್. ಅಂಕಿ 8ರಿಂದ ಶುರುವಾದರೆ ಸಾಮಾನ್ಯವಾಗಿ ಒಂಬತ್ತು ಕಡ್ಡಿಯ ಸಣ್ಣ ತಳ. ಇಎಲ್ 34ರಂತೆ 3ರಿಂದ ಶುರುವಾದರೆ ಎಂಟು ಕಡ್ಡಿಗೆ ಜಾಗವಿರುವ ದಪ್ಪ ತಳ.

ಗಡಿಯ ನಮಗೆ ಮುಂದಿನ ಮಾತು ಸುಲಭ. ನಾವು ಸೊಲ್ಲಾಪುರ ಎನ್ನುವ ಊರಿಗೆ ಬಸ್ಸಿನ ಬೋರ್ಡಿನಲ್ಲಿ ಸೋಲಾಪೂರ ಎಂದಿರುತ್ತದೆ. ನಮ್ಮ ಆದವಾನಿಯೇ ರೈಲು ನಿಲ್ದಾಣದ ಆದೋನಿ. ವಾಲ್ವಿಗೂ ಹಾಗೆ ಎರಡು ಹೆಸರು, ಒಂದು ಯುರೋಪಿನದು, ಒಂದು ಅಮೆರಿಕದ್ದು. ಇಸಿಸಿ 83 ಮತ್ತು 12ಎಎಕ್ಸ್7 ಒಂದೇ. ಇಎಲ್ 84 ಮತ್ತು 6ಬಿಕ್ಯೂ5 ಒಂದೇ. ಅಂಗಡಿಯವರು ಬೇರೆ ಹೆಸರಿನದು ಕೊಟ್ಟರೆ ಗಾಬರಿಯಾಗಬೇಡಿ, ಜೋಡಿ ಹೆಸರನ್ನು ತಾಳೆ ನೋಡಿ.

ಆದರೆ ಕಡ್ಡಿ ಹೊಂದಿತು ಎಂದು ಕಂಡದ್ದನ್ನು ಚುಚ್ಚಬೇಡಿ. ಇಸಿಸಿ 81, 82, 83 ಮೂರಕ್ಕೂ ತಳ ಒಂದೇ, ಗುಣ ಬೇರೆ. 83 ದನಿಯನ್ನು ಹಿಗ್ಗಿಸುವ ಅಂಶ ಸುಮಾರು 100. 82ರದು ಸುಮಾರು 17. ಇಝಡ್ 81 ಇದ್ದ ಕಡೆ 80 ಹಾಕಿದರೆ ಭಾರ ಹೊರಲಾರದೆ ಹೋದೀತು. ಮೊದಲನೆಯದು 150 ಮಿಲಿಆಂಪಿಯರ್ ಕೊಡಬಲ್ಲದು, ಎರಡನೆಯದು 90 ಮಾತ್ರ.

ಈಗ ಜೀವದ ಮಾತು. ಈ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಹೆಚ್ಚು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅದು ನಿಂತಿರಬಹುದು. ಆದ್ದರಿಂದ ತಳದ ತಗಡನ್ನು ನೀವು ಬಿಚ್ಚಬೇಡಿ, ಅದು ತಿಳಿದ ಮೆಕ್ಯಾನಿಕ್ಕಿನ ಕೆಲಸ. ವಾಲ್ವಿನ ಹೆಸರು ‘ಯು’ ಅಕ್ಷರದಿಂದ ಶುರುವಾದರೆ ಇನ್ನೂ ಎಚ್ಚರ. ಹಳೆಯ ಎಸಿ-ಡಿಸಿ ರೇಡಿಯೋಗಳಲ್ಲಿ ಇವು ಇರುತ್ತವೆ, ಅವುಗಳ ಚಾಸಿಗೇ ಮನೆಯ ಕರೆಂಟು ನೇರವಾಗಿ ಬಂದಿರಬಹುದು.

ವಾಲ್ವು ಬದಲಿಸುವ ಕ್ರಮ ಹೀಗೆ. ಪ್ಲಗ್ ಕಿತ್ತು ಅರ್ಧ ಗಂಟೆ ಆರಲು ಬಿಡಿ. ಯಾವ ವಾಲ್ವು ಯಾವ ಸಾಕೆಟ್ಟಿನದು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಾಜಿನ ಮೇಲಿನ ಅಕ್ಷರವನ್ನು ಒರೆಸಬೇಡಿ, ಒರೆಸಿದರೆ ಹೆಸರೇ ಅಳಿಸಿಹೋದೀತು. ಬುಡದ ಹತ್ತಿರ ಹಿಡಿದು, ಮೆಲ್ಲಗೆ ಅಲುಗಾಡಿಸುತ್ತ ನೇರವಾಗಿ ಮೇಲಕ್ಕೆ ಎಳೆಯಿರಿ. ಹೊಸದನ್ನು ಹಾಕುವಾಗ ಕಡ್ಡಿಗಳ ನಡುವಿನ ಖಾಲಿ ಜಾಗವನ್ನು ಸಾಕೆಟ್ಟಿನ ಖಾಲಿ ಜಾಗಕ್ಕೆ ಸರಿಹೊಂದಿಸಿ ಒತ್ತಿರಿ. ಸ್ಪೀಕರ್ ಜೋಡಿಸದೆ ಸ್ವಿಚ್ ಹಾಕಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ‘ಎಲ್’ ವಾಲ್ವುಗಳನ್ನು ಜೋಡಿಯಾಗಿಯೇ ಬದಲಿಸಿ. ಇಎಲ್ 34 ಇರುವ ಎಷ್ಟೋ ದೊಡ್ಡ ಸೆಟ್ಟುಗಳಲ್ಲಿ ಆಮೇಲೆ ಮೀಟರ್ ಹಿಡಿದು ಬಯಾಸ್ ಸರಿಮಾಡಿಸಬೇಕು.

ಕೆಟ್ಟದ್ದು ಯಾವುದೆಂದು ಕಣ್ಣೇ ಕೆಲವೊಮ್ಮೆ ಹೇಳುತ್ತದೆ. ಗಾಜಿನ ಒಳಗೆ ಬೆಳ್ಳಿಯ ಬಣ್ಣದ ಲೇಪವಿರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಲ್ವು ಮುಗಿಯಿತು. ಸ್ವಿಚ್ ಹಾಕಿ ಒಂದು ನಿಮಿಷವಾದರೂ ಒಂದರಲ್ಲಿ ಕೆಂಡದಂಥ ಬೆಳಕು ಕಾಣದಿದ್ದರೆ, ಗಾಜು ತಣ್ಣಗೇ ಇದ್ದರೆ, ಹೀಟರ್ ತಂತಿ ಕಡಿದಿರಬಹುದು. ಪೆನ್ಸಿಲಿನ ಮರದ ತುದಿಯಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆಯಂತೆ ಮೊಳಗಿದರೆ ಆ ವಾಲ್ವನ್ನು ಬದಲಿಸುವುದು ಲೇಸು. ಸ್ಟೀರಿಯೋ ಸೆಟ್ಟಾದರೆ, ಪ್ಲಗ್ ಕಿತ್ತು ಆರಿಸಿ, ಎಡಗಡೆಯ ಇಸಿಸಿ 83 ಅನ್ನು ಬಲಗಡೆಗೆ, ಬಲಗಡೆಯದನ್ನು ಎಡಗಡೆಗೆ ಹಾಕಿ ನೋಡಿ. ದೋಷ ವಾಲ್ವಿನ ಜೊತೆಗೇ ಹೋದರೆ ಕಳ್ಳ ಸಿಕ್ಕಿದ.

ತಗಡು ಕೆಂಪಗೆ ಕಾದರೆ ಮಾತ್ರ ಕೂಡಲೇ ಸ್ವಿಚ್ ಆರಿಸಿ. ನಾನು ಇದನ್ನು ಹಣ ಕಳೆದುಕೊಂಡು ಕಲಿತೆ. ನನ್ನ ಸೆಟ್ಟಿನ ಒಂದು ಇಎಲ್ 84 ಕೆಂಪಾಯಿತು. ಹೊಸದು ತಂದು ಹಾಕಿದೆ, ಹತ್ತು ನಿಮಿಷದಲ್ಲಿ ಅದೂ ಕೆಂಪಾಯಿತು. ತಪ್ಪು ವಾಲ್ವಿನದಾಗಿರಲಿಲ್ಲ. ಅದರ ಹಿಂದಿನ ಸಣ್ಣ ಕಂಡೆನ್ಸರ್ ಸೋರುತ್ತಿತ್ತು. ಆ ಸೋರಿಕೆ ಗ್ರಿಡ್ಡಿಗೆ ಇಳಿದು ತೂಬನ್ನು ತೆರೆದೇ ಇಟ್ಟಿತ್ತು. ಕಂಡೆನ್ಸರ್ ಬದಲಿಸಿದ ಮೇಲೆ ಮೂರನೆಯ ವಾಲ್ವು ಬಾಳಿತು.

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದವು. ‘ಬಿಇಎಲ್’ ಎಂದು ಬರೆದದ್ದು ನಿಮ್ಮ ಪೆಟ್ಟಿಗೆಯಲ್ಲೂ ಇರಬಹುದು. ಇಂದು ಹೊಸ ವಾಲ್ವುಗಳು ಸ್ಲೊವಾಕಿಯ, ರಷ್ಯ, ಚೀನಾಗಳಿಂದ ಬರುತ್ತವೆ. ಡಬ್ಬದ ಮೇಲಿನ ಭಾಷೆ ಯಾವುದಾದರೂ ಇರಲಿ, ಗಾಜಿನ ಮೇಲಿನ ಹೆಸರನ್ನು ಓದಬಲ್ಲವರಾದರೆ ನಿಮಗೆ ಬೇಕಾದದ್ದನ್ನೇ ಕೇಳಿ ತರಬಹುದು.

ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ. ಪ್ಲಗ್ ಹಾಕುವ ಮೊದಲು ಹೆಸರು ಓದಿ.