ಹಸುವಿನ ಬೆದೆಯೂ ಕೃತಕ ವೀರ್ಯಸೇಚನೆಯ ಹೊತ್ತೂ

ಕೃತಕ ಗರ್ಭಧಾರಣೆಯು ನಮ್ಮ ಸೀಮೆಗೆ ಹೊಸದಲ್ಲ. ೧೯೩೯ನೆಯ ಇಸವಿಯಲ್ಲಿ ಮೈಸೂರಿನ ಅರಮನೆ ಡೈರಿ ಫಾರಮಿನಲ್ಲಿ ಡಾಕ್ಟರ್ ಸಂಪತ್ಕುಮಾರನ್ ಅವರು ಹಳ್ಳೀಕಾರ್ ಹಸುಗಳಲ್ಲಿ ಇದನ್ನು ನಡೆಯಿಸಿದುದೇ ಭಾರತದಲ್ಲಿ ಮೊದಲನೆಯದೆಂದು ಎಣಿಸಲ್ಪಟ್ಟಿದೆ. ಆದರೂ “ಎರಡು ಸಲ ಮಾಡಿಸಿದೆವು, ಗಬ್ಬ ನಿಲ್ಲಲಿಲ್ಲ” ಎಂಬ ದೂರು ರೈತರಿಂದ ಇಂದಿಗೂ ಕೇಳಿಬರುತ್ತದೆ. ಅನೇಕ ವೇಳೆ ದೋಷವು ಹಸುವಿನದೂ ಅಲ್ಲ, ವೀರ್ಯದ್ದೂ ಅಲ್ಲ. ಹೊತ್ತು ತಪ್ಪಿದುದೇ ಕಾರಣ.

ಹಸುವು ಸುಮಾರು ೨೧ ದಿನಗಳಿಗೊಮ್ಮೆ ಬೆದೆಗೆ ಬರುವುದು. ಕೂಗುವುದು, ಮೇವು ಬಿಡುವುದು, ಹಾಲು ಕಡಮೆಯಾಗುವುದು, ಗಾಜಿನಂತೆ ತಿಳಿಯಾದ ಲೋಳೆ ಇಳಿಯುವುದು—ಇವು ಲಕ್ಷಣಗಳು. ಬೇರೆ ದನವು ಮೇಲೆ ಹತ್ತಿದಾಗ ಅಲುಗದೆ ನಿಲ್ಲುವುದೇ ಖಚಿತವಾದ ಗುರುತು. ನಾಟಿ ಹಸುಗಳಲ್ಲಿ ಈ ಚಿಹ್ನೆಗಳು ಮಂದವಾಗಿರುವುದರಿಂದ ಬೆಳಿಗ್ಗೆಯೂ ಸಂಜೆಯೂ ತಪ್ಪದೆ ನೋಡತಕ್ಕದ್ದು.

ಬೆದೆಯು ಸಾಮಾನ್ಯವಾಗಿ ೧೨ರಿಂದ ೧೮ ಗಂಟೆಗಳಿರುವುದು. ಅದು ಮುಗಿದ ಸುಮಾರು ೧೦-೧೨ ಗಂಟೆಗಳ ಮೇಲೆ ಅಂಡವು ಹೊರಬೀಳುವುದು. ಕೆಲವು ಗಂಟೆಗಳಲ್ಲೇ ಅದರ ಶಕ್ತಿ ಕುಂದುವುದು. ವೀರ್ಯಾಣುಗಳಾದರೋ ಗರ್ಭಕೋಶದಲ್ಲಿ ಕೆಲವು ಗಂಟೆಗಳಿದ್ದ ಬಳಿಕವೇ ಫಲಕೊಡಲು ಸಮರ್ಥವಾಗುವುವು. ಆದುದರಿಂದ ಬೆಳಿಗ್ಗೆ ಬೆದೆ ಕಂಡರೆ ಅಂದಿನ ಸಂಜೆಯೂ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಯೂ ವೀರ್ಯಸೇಚನೆ ಮಾಡಿಸತಕ್ಕದ್ದು. ಲೋಳೆಯು ಕೀವಿನಂತಿದ್ದರೆ ಮಾಡಿಸಕೂಡದು. ಮೊದಲು ಪಶುವೈದ್ಯರಿಗೆ ತೋರಿಸಬೇಕು.

ಹೊತ್ತಿನಷ್ಟೇ ಕೈಚಳಕವೂ ಮುಖ್ಯ. ವೀರ್ಯನಳಿಕೆಯು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ ೧೯೬ ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೀತದಲ್ಲಿರುವುದು. ಹೊರತೆಗೆದೊಡನೆ ೩೭ ಡಿಗ್ರಿಯ ನೀರಿನಲ್ಲಿ ೩೦ ಸೆಕೆಂಡು ಅದ್ದಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸುವುದು ಹಾನಿಕರ. ತೊಟ್ಟು ನೀರು ಸೇರಿದರೂ ವೀರ್ಯಾಣುಗಳು ಸಾಯುವುದರಿಂದ ನಳಿಕೆಯನ್ನು ಚೆನ್ನಾಗಿ ಒರಸಿ, ಬಿಸಿಲು ತಾಗದಂತೆ ಕೂಡಲೇ ಉಪಯೋಗಿಸತಕ್ಕದ್ದು. ಹಸುವಿನ ಹಿಂಭಾಗವನ್ನು ಶುಚಿಮಾಡಿ, ಗುದದ್ವಾರದೊಳಗಿನ ಕೈಯಿಂದ ಗರ್ಭಕೋಶದ ಕೊರಳನ್ನು ಹಿಡಿದು, ಸಲಾಕೆಯ ತುದಿಯು ಕೊರಳನ್ನು ದಾಟಿದೊಡನೆ ವೀರ್ಯವನ್ನು ಮೆಲ್ಲಗೆ ಬಿಡಬೇಕು. ಇನ್ನೂ ಒಳಕ್ಕೆ ನೂಕಿದರೆ ಗಾಯವಾಗುವ ಭಯವುಂಟು. ಅವಸರವು ಸಲ್ಲದು.

ಮಾಡಿಸಿದ ತೇದಿಯನ್ನು ಬರೆದಿಟ್ಟು, ೨೧ನೆಯ ದಿನದ ಆಸುಪಾಸಿನಲ್ಲಿ ಮತ್ತೆ ಗಮನಿಸಿರಿ. ಬೆದೆ ಕಾಣದಿದ್ದ ಮಾತ್ರಕ್ಕೆ ಗಬ್ಬವೆಂದು ನಂಬದೆ, ಎರಡು ಮೂರು ತಿಂಗಳಿಗೆ ಪರೀಕ್ಷೆ ಮಾಡಿಸಿರಿ. ಮೂರು ಸಲವೂ ನಿಲ್ಲದಿದ್ದರೆ ವೈದ್ಯರ ತಪಾಸಣೆ ಅಗತ್ಯ. ತಪ್ಪಿದ ಒಂದೊಂದು ಬೆದೆಯೂ ಮೂರು ವಾರಗಳ ಮೇವನ್ನು ವ್ಯರ್ಥಗೊಳಿಸಿ, ಕರುವನ್ನೂ ಹಾಲನ್ನೂ ಅಷ್ಟು ದಿನ ಹಿಂದಕ್ಕೆ ತಳ್ಳುವುದು. ಬಡ ರೈತನಿಗೆ ಇದು ಸಣ್ಣ ನಷ್ಟವಲ್ಲ; ಕೊಟ್ಟಿಗೆಯಲ್ಲಿ ದಿನಕ್ಕೆರಡು ಸಲ ಕಣ್ಣಿಟ್ಟರೆ ಇದರ ಬಹುಭಾಗವನ್ನು ತಪ್ಪಿಸಬಹುದು.