ನಾಲಿಗೆಯ ತೀರ್ಪು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ದೀವರ ಮನೆಗಳಲ್ಲಿ ಅಕ್ಕಿಯನ್ನು ಹುದುಗಿಸಿ ‘ಬೋಜ’ವೆಂಬ ಪಾನೀಯವನ್ನು ತಯಾರಿಸುವ ವಾಡಿಕೆಯುಂಟು. ಪಶ್ಚಿಮ ದೇಶಗಳ ‘ಏಲ್’ ಎಂಬ ಬಿಯರು ಮೊಳೆಯಿಸಿ ಒಣಗಿಸಿದ ಬಾರ್ಲಿಯಿಂದ, ಅಂದರೆ ಮಾಲ್ಟಿನಿಂದ, ಆದುದು. ಧಾನ್ಯ ಬೇರೆಯಾದರೂ ಒಳಗಿನ ಕ್ರಿಯೆ ಒಂದೇ. ಪಿಷ್ಟವು ಕಿಣ್ವಗಳಿಂದ ಸಕ್ಕರೆಯಾಗುವುದು. ಸಕ್ಕರೆಯನ್ನು ಯೀಸ್ಟು ಮದ್ಯಸಾರವನ್ನಾಗಿಯೂ ಇಂಗಾಲದ ಡೈಆಕ್ಸೈಡನ್ನಾಗಿಯೂ ಒಡೆಯುವುದು.

ಇಂತಹ ಪಾನೀಯವನ್ನು ಪರೀಕ್ಷಕರು ಬಣ್ಣ, ಪರಿಮಳ, ರುಚಿಗಳಿಂದ ನಿರ್ಣಯಿಸುವರು. ಆದರೆ ಅದರ ಕಡುಪನ್ನು ನಾಲಿಗೆಯು ಅಳೆಯಬಲ್ಲುದೆ?

ಎರಡು ಏಲ್‌ಗಳನ್ನು ಊಹಿಸೋಣ. ಹೈಡ್ರಾಮೀಟರಿನಿಂದ ಅಳೆದಾಗ ಒಂದರ ಸಾಪೇಕ್ಷ ಸಾಂದ್ರತೆ ಹುದುಗುವ ಮುನ್ನ 1.040, ಹುದುಗಿದ ಮೇಲೆ 1.010, ಇನ್ನೊಂದರದು 1.080 ಮತ್ತು 1.020. ಈ ಇಳಿಕೆಯನ್ನು 131ರಿಂದ ಗುಣಿಸಿದರೆ ಗಾತ್ರದ ಲೆಕ್ಕದಲ್ಲಿ ಮದ್ಯಸಾರದ ಶೇಕಡಾ ಪ್ರಮಾಣವು ಸ್ಥೂಲವಾಗಿ ದೊರೆಯುವುದು: ಮೊದಲನೆಯದರಲ್ಲಿ ಸುಮಾರು 4, ಎರಡನೆಯದರಲ್ಲಿ ಸುಮಾರು 8. ಆದರೆ ಹುದುಗದೆ ಉಳಿದ ಶರ್ಕರಾಂಶವೂ ಎರಡನೆಯದರಲ್ಲಿಯೇ ಹೆಚ್ಚು. ಆ ಸಿಹಿಯು ಮದ್ಯಸಾರದ ಉರಿಯನ್ನು ಮರೆಸುವುದು. ಹೀಗಾಗಿ ನಾಲಿಗೆಯು ‘ಸೌಮ್ಯ’ವೆಂದದ್ದೇ ಇಮ್ಮಡಿ ಕಡುಪಿನದಾಗಿರಬಹುದು.

ಹುದುಗಿದ ಮೇಲಿನ ಅಳತೆಯೊಂದೇ ಸಾಲದು. ಏಕೆಂದರೆ ಸಕ್ಕರೆಯು ಸಾಂದ್ರತೆಯನ್ನು ಏರಿಸಿದರೆ ಮದ್ಯಸಾರವು ಇಳಿಸುವುದು. ಪಿಷ್ಟವು ಸಕ್ಕರೆಯಾಗುವುದೂ ಸಕ್ಕರೆ ಹುದುಗುವುದೂ ಜೊತೆಯಲ್ಲಿಯೇ ನಡೆಯುವ ಅಕ್ಕಿಯ ಪಾನೀಯಗಳಲ್ಲಿ ‘ಮುನ್ನಿನ’ ಅಳತೆಯೇ ಸಿಕ್ಕದು. ಆಗ ಮಾದರಿಯನ್ನು ಪ್ರಯೋಗಶಾಲೆಯಲ್ಲಿ ಬಟ್ಟಿ ಇಳಿಸಿ, ಬಂದ ದ್ರವಕ್ಕೆ ನೀರು ಬೆರೆಸಿ ಮೊದಲಿನ ಗಾತ್ರಕ್ಕೆ ತಂದು, ಅದರ ಸಾಂದ್ರತೆಯನ್ನು ಅಳೆಯಬೇಕು.

ಮದ್ಯಸಾರಕ್ಕೆ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ರುಚಿಯ ವಿಷಯದಲ್ಲಿ ನಾಲಿಗೆಯ ಮಾತನ್ನು ನಾವು ಒಪ್ಪಬಹುದು. ಅಪಾಯದ ವಿಷಯದಲ್ಲಿ ಒಪ್ಪಲಾಗದು.